ಮೇ ತಿಂಗಳ ಮೊದಲ ಶನಿವಾರಕ್ಕೆ ಕುಂಡಗಳು

ಸಿಪ್ಪೆ ಬೆರಳಿಗೆ ಅಂಟಿಕೊಂಡು ಬಂತು, ತೆಳ್ಳಗೆ, ಕಂದು, ಈರುಳ್ಳಿಯ ಹೊರಸಿಪ್ಪೆಯ ಹಾಗೆ, ಊದಿದರೆ ಹಾರುತ್ತದೆ, ಒಳಗಿನ ಗೆಡ್ಡೆ ಮಾತ್ರ ಬೆಳ್ಳಗೆ, ತಣ್ಣಗೆ, ಹೆಬ್ಬೆರಳಿನಿಂದ ಬುಡ ಒತ್ತಿ ನೋಡಬೇಕು, ಬುಡ ಮೆತ್ತಗಿದ್ದರೆ ಒಳಗೆ ಕೊಳೆತಿದೆ ಎಂದೇ, ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಗೆಡ್ಡೆಯೂ ಅಷ್ಟೇ ಗಂಡಸೂ ಅಷ್ಟೇ — ಇದನ್ನು ಬಿಡು, ಹಗುರ, ಹಗುರವಾದದ್ದು ಒಳಗೊಳಗೇ ಒಣಗಿ ಸತ್ತದ್ದು, ಇದು ಇರಲಿ, ಅಂಗೈಯಲ್ಲಿ ತೂಕ ಬಿತ್ತು, ಇದೂ ಇರಲಿ, ಅಕ್ಟೋಬರ್ ಬಂತೆಂದರೆ ಈ ನರ್ಸರಿಯ ಈ ಮೂಲೆಗೆ ಬರುವುದು ನನ್ನ ಕಾಲಿಗೇ ಗೊತ್ತು, ಟ್ಯುಲಿಪ್ ಗೆಡ್ಡೆ ತುಂಬಿದ ಮರದ ಡಬ್ಬಗಳ ಸಾಲು, ಒಂದೊಂದರ ಮೇಲೂ ಹೂವಿನ ಚಿತ್ರ, ಚಿತ್ರ ನೋಡಿ ಕೊಳ್ಳುವವರು ಕೊಳ್ಳಲಿ, ಬಾಗಿಲ ಬಳಿ ಸೇಬಿನ ರಸ ಕುದಿಯುತ್ತಿದೆ, ದಾಲ್ಚಿನ್ನಿಯ ಘಮ, ಹೊರಗೆ ಕುಂಬಳಕಾಯಿಗಳ ರಾಶಿ, ಇಡೀ ಮಿಷಿಗನ್ನಿಗೆ ಸಾಕಾಗುವಷ್ಟು, ಗಲ್ಲಾದ ಮೇಲೆ ಮೊಣಕೈ ಊರಿ ನಿಂತ ಟ್ರೂಡಿ ನನ್ನನ್ನೇ ನೋಡುತ್ತಿದ್ದಾಳೆ, ಏನೇ ಲೈಡಾ, ಗೆಡ್ಡೆ ಆರಿಸ್ತಿದ್ದೀಯೋ ಅಳಿಯನ್ನ ಆರಿಸ್ತಿದ್ದೀಯೋ ಅಂದಳು, ಅಳಿಯ ಆಗ್ಲೇ ಗೊತ್ತಾಗಿದ್ದಾನೆ ಕಣೇ, ಅವನನ್ನ ಒತ್ತಿ ನೋಡು ಅಂತ ಯಾರೂ ನನ್ನ ಕರೀಲಿಲ್ಲ ಅಂದೆ, ನಕ್ಕಳು, ಇಡೀ ಊರಿನ ಸುದ್ದಿ ಅವಳ ಗಲ್ಲಾ ದಾಟಿಯೇ ಹೋಗಬೇಕು, ಮದುವೆ ಯಾವಾಗ ಎಂದು ಕೇಳಲಿಲ್ಲ, ಎಲ್ಲಿ ಎಂದೂ ಕೇಳಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವಳು. ಮೇ ಮೊದಲ ಶನಿವಾರ, ಹಾರ್ಲನ್ ಮನೆಯ ಹಿತ್ತಿಲಲ್ಲಿ, ಹಾರ್ಲನ್ ಮನೆ ಅನ್ನುವುದು ಈಗೀಗ ನಾಲಿಗೆಗೆ ರೂಢಿಯಾಗಿದೆ, ಮೊದಲು ನಮ್ಮ ಮನೆ, ಆಮೇಲೆ ಆ ಮನೆ, ಈಗ ಅವನ ಮನೆ, ಇನ್ನು ಅವರ ಮನೆ ಅನ್ನುವುದೊಂದು ಬಾಕಿ ಇದೆ, ಅದನ್ನು ನಾಲಿಗೆ ಇನ್ನೂ ಒಪ್ಪಿಲ್ಲ.

ಬೇಸಿಗೆಯಲ್ಲಿ ಮಗಳು ಬಂದಿದ್ದಳು, ಮಾರ್ಲೀಸ್, ನನ್ನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಕೂತು ಕಾಫಿ ಬಟ್ಟಲನ್ನು ಸುತ್ತ ತಿರುಗಿಸುತ್ತ, ಅಮ್ಮಾ ಒಂದು ಕೇಳ್ತೀನಿ ಇಲ್ಲ ಅನ್ಬಾರ್ದು, ಮದುವೆ ಅಪ್ಪನ ಮನೇಲಿ ಇಟ್ಕೋತೀವಿ, ಚರ್ಚಲ್ಲಲ್ಲ, ಹಿತ್ತಿಲಲ್ಲಿ, ಕುಂಡಗಳನ್ನ ಮಾತ್ರ ನೀನೇ ಮಾಡ್ಬೇಕು, ನಿನ್ ಥರಾ ಈ ಊರಲ್ಲಿ ಯಾರಿಗೂ ಬರಲ್ಲ. ಕುಂಡ ಯಾಕೆ ಅಂದೆ ನಾನು, ಹಿತ್ತಿಲ ಇಳಿಜಾರು ಪೂರ್ತಿ ಟ್ಯುಲಿಪ್ ಇದೆಯಲ್ಲ, ಮೇ ಮೊದಲ ವಾರ ಅಂದ್ರೆ ಕಾಲಿಡೋಕೆ ಜಾಗ ಇರಲ್ಲ. ಅದಿರ್ಲಿ ಅಮ್ಮಾ, ಆದ್ರೂ ಕುಂಡ ಬೇಕು, ಈಗೆಲ್ಲಾ ಕುಂಡಾನೇ ಇಡೋದು ಅಂದಳು, ಬಟ್ಟಲಿನೊಳಗೆ ನೋಡುತ್ತ, ತಳದಲ್ಲಿ ಏನೋ ಬರೆದಿರುವ ಹಾಗೆ. ಒಪ್ಪಿಕೊಂಡೆ, ಒಪ್ಪದೆ ಏನು ಮಾಡಲಿ, ಮದುವೆಯಲ್ಲಿ ನನ್ನ ಕೈ ತಾಗುವುದು ಇದೊಂದಕ್ಕೇ, ಊಟ ಲೋರ್ನಾ ನೋಡಿಕೊಳ್ಳುತ್ತಾಳೆ, ಕುರ್ಚಿಗಳನ್ನು ಲೋರ್ನಾ ತರಿಸುತ್ತಾಳೆ, ಸಂಗೀತದವರನ್ನು ಗೊತ್ತು ಮಾಡಿರುವುದೂ ಲೋರ್ನಾ, ಹೆತ್ತವಳಿಗೆ ಕುಂಡ. ಮೂಲೆಯಲ್ಲಿ ಇಡುವ ವಸ್ತು. ಕುಂಡದಲ್ಲಿ ನೆಡುವುದು ನೆಲದಲ್ಲಿ ನೆಟ್ಟ ಹಾಗಲ್ಲ ಎಂದು ಯಾರಿಗೆ ಹೇಳಲಿ, ನೆಲದಲ್ಲಿರುವ ಗೆಡ್ಡೆಗೆ ಚಳಿ ಮೇಲಿನಿಂದ ಮಾತ್ರ ಬರುತ್ತದೆ, ಕುಂಡದಲ್ಲಿರುವುದಕ್ಕೆ ನಾಲ್ಕೂ ಕಡೆಯಿಂದ, ಜನವರಿಯ ಒಂದು ಕೆಟ್ಟ ವಾರ ಸಾಕು, ಒಳಗಿನ ನೀರು ಹೆಪ್ಪುಗಟ್ಟಿ ಗೆಡ್ಡೆ ಲೋಳೆಯಾಗುತ್ತದೆ, ಮಣ್ಣಿನ ಕುಂಡವಾದರೆ ಕುಂಡವೇ ಸೀಳಿಬಿಡುತ್ತದೆ, ಹಾಗೆಂದು ಮನೆಯೊಳಗೆ ಬೆಚ್ಚಗಿಟ್ಟರೆ ಅದಕ್ಕೆ ಚಳಿಗಾಲ ಬಂದದ್ದೇ ತಿಳಿಯದೆ ಹೂ ಬಿಡುವುದನ್ನೇ ಮರೆತುಬಿಡುತ್ತದೆ, ಚಳಿ ಬೇಕು, ಕೊಲ್ಲುವಷ್ಟು ಬೇಡ, ಅದಕ್ಕೇ ಕೆಳಗಿನ ಸೈಕಲ್ ಶೆಡ್ಡಿನಲ್ಲಿ ಗೋಡೆಗೆ ಒತ್ತಿಸಿ ಇಡಬೇಕು, ಮೇಲೆ ಜಾಲರಿ ಬಿಗಿಯಬೇಕು, ಇಲ್ಲವಾದರೆ ಇಲಿ, ಹೊರಗಿಟ್ಟರೆ ಅಳಿಲು, ಟ್ಯುಲಿಪ್ ಅಂದರೆ ಅಳಿಲಿಗೆ ಹಬ್ಬದೂಟ, ಡ್ಯಾಫೊಡಿಲ್ ಹೂವಿನ ಗೆಡ್ಡೆ ಮಾತ್ರ ಮುಟ್ಟುವುದಿಲ್ಲ, ಅದು ವಿಷ, ವಿಷ ಇಟ್ಟುಕೊಂಡು ಹುಟ್ಟಿದವರನ್ನು ಯಾರೂ ಮುಟ್ಟುವುದಿಲ್ಲ, ನನ್ನ ಅಮ್ಮ ನನಗೆ ಅದೊಂದನ್ನು ಕೊಟ್ಟು ಕಳಿಸಬೇಕಿತ್ತು.

ಈ ಡಬ್ಬ ಬೇಗ ಅರಳುವುದು, ಏಪ್ರಿಲ್ ನಡುವಿನಲ್ಲೇ ಬಂದು ಮದುವೆಯ ಹೊತ್ತಿಗೆ ದಳ ಉದುರಿಸಿಕೊಂಡು ಬೋಳು ಕಡ್ಡಿ ನಿಂತಿರುತ್ತದೆ, ಅದು ಬೇಡ, ಈ ನಡುವಿನ ಡಬ್ಬ ಸರಿಯಾದದ್ದು, ಉದ್ದ ಕಾಂಡ, ಬಟ್ಟಲಿನಂಥ ಹೂ, ಬಿಳಿ, ತಿಳಿಗುಲಾಬಿ, ಏಪ್ರಿಲ್ ಕೊನೆಯಿಂದ ಮೇ ಹತ್ತರವರೆಗೆ ನಿಲ್ಲುತ್ತದೆ, ಚಳಿ ಜಾಸ್ತಿಯಾದರೆ ಒಂದು ವಾರ ಮೊದಲು ಬಿಸಿಲಿಗೆ ಎಳೆದರಾಯಿತು, ಬಿಸಿಲು ಜಾಸ್ತಿಯಾದರೆ ನೆರಳಿಗೆ ನೂಕಿದರಾಯಿತು, ದಿನಕ್ಕೆ ಸರಿಯಾಗಿ ಅರಳಿಸಬಲ್ಲೆ, ಅಷ್ಟು ನನಗೆ ಬರುತ್ತದೆ — ಆ ಕೊನೆಯ ಡಬ್ಬ ತಡವಾಗಿ ಬರುವುದು, ಬದನೆಕಾಯಿ ಬಣ್ಣ, ಸಂಜೆಯಲ್ಲಿ ನೋಡಿದರೆ ಕಪ್ಪೇ, ಮೇ ಇಪ್ಪತ್ತರ ಒಳಗೆ ಬಾಯಿ ಬಿಡುವುದಿಲ್ಲ, ಮದುವೆಯ ದಿನ ಬರೀ ಹಸಿರು ಎಲೆ, ನಡುವೆ ಹೆಬ್ಬೆರಳಿನಂಥ ಹಸಿ ಮೊಗ್ಗು, ಬಂದವರು ನೋಡುತ್ತಾರೆ, ಇದೇನು ಸೊಪ್ಪು ಇಟ್ಟಿದ್ದೀರಿ ಅನ್ನುತ್ತಾರೆ, ಲೋರ್ನಾ ನನ್ನ ಕಡೆ ನೋಡುತ್ತಾಳೆ, ಈ ಸಲ ವಸಂತ ತಡವಾಯ್ತು ಕಣೇ ಲೋರ್ನಾ, ಏನ್ಮಾಡೋದು ಹೇಳು ಅನ್ನುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ, ಅವಳಿಗಂತೂ ಗೊತ್ತಾಗುವುದೇ ಇಲ್ಲ, ಗೆಡ್ಡೆಯ ತಲೆ ಯಾವುದು ಬುಡ ಯಾವುದು ಎಂದು ಗೊತ್ತಿಲ್ಲದವಳು, ನೆರೆಮನೆಗೆ ಬಂದ ಮೊದಲ ವರ್ಷ ನನ್ನ ಪಕ್ಕದಲ್ಲಿ ಮಂಡಿಯೂರಿ ಕೂತು, ಲೈಡಾ ಇದರ ತಲೆ ಯಾವ್ದೇ ಎಂದು ಕೇಳಿ ಕೇಳಿ ನಕ್ಕವಳು, ಅರ್ಧವನ್ನು ತಲೆಕೆಳಗಾಗಿಯೇ ನೆಟ್ಟಿದ್ದಳು, ಅವೂ ಬಂದವು, ಸುತ್ತಿ ಬಳಸಿ ಮೇಲಕ್ಕೆ ದಾರಿ ಮಾಡಿಕೊಂಡು ಬಂದೇ ಬಂದವು, ಆಗ ನಾನೇ ಹೇಳಿದ್ದೆ, ನೋಡೇ, ಹೇಗೆ ಇಟ್ರೂ ಬರೋರು ಬಂದೇ ಬರ್ತಾರೆ. ಬಂದಳು. ಅವಳ ಗಂಡ ಸತ್ತ ಚಳಿಗಾಲ, ಅಂಗಳದ ತುಂಬ ಮೊಣಕಾಲುದ್ದ ಹಿಮ, ಪಾಪ ಒಬ್ಳೇ ಇದಾಳೆ ಹೋಗಿ ಬಾಚಿಕೊಟ್ಟು ಬಾ ಎಂದು ಹಾರ್ಲನ್‌ನನ್ನು ಎಬ್ಬಿಸಿ ಕಳಿಸಿದವಳು ನಾನು, ಅವನಿಗೆ ಹೋಗಲು ಮನಸ್ಸಿರಲಿಲ್ಲ, ನನಗೆ ಸೊಂಟ ನೋವು ಅಂದಿದ್ದ, ಟೊಪ್ಪಿಗೆ ಹುಡುಕಿ ತಲೆಗೆ ಹಾಕಿ ನೂಕಿದೆ, ಆ ಚಳಿಗಾಲದಲ್ಲಿ ಹಿಮ ಬಿದ್ದಾಗಲೆಲ್ಲ ಹೋದ, ಮುಂದಿನ ಚಳಿಗಾಲದಲ್ಲಿ ಹಿಮ ಬೀಳದಿದ್ದಾಗಲೂ ಹೋದ. ಈಗ ಚರ್ಚಿನಲ್ಲಿ ಮೂರನೇ ಬೆಂಚಿನಲ್ಲಿ ಇಬ್ಬರೂ, ನನ್ನ ಬೆಂಚು ಅದು, ಪಾದ್ರಿ ಪ್ರಸಂಗ ಶುರು ಮಾಡುವಾಗ ಅವಳು ಕೈಚೀಲ ತೆರೆದು ಒಂದು ಪೆಪ್ಪರ್‌ಮಿಂಟ್ ತೆಗೆದು ಅವನ ಅಂಗೈಗೆ ಇಡುತ್ತಾಳೆ, ಅವನು ನೋಡದೆಯೇ ಬಾಯಿಗೆ ಹಾಕಿಕೊಳ್ಳುತ್ತಾನೆ, ಅಂಗೈ ಚಾಚುವುದನ್ನು ನನ್ನಿಂದ ಕಲಿತ, ಇಡುವುದನ್ನು ಅವಳು ನನ್ನನ್ನು ನೋಡಿ ಕಲಿತಳು, ಹಿಂದಿನ ಬೆಂಚಿನಿಂದ ನಾನು ನೋಡುತ್ತೇನೆ. ಚರ್ಚು ಬದಲಾಯಿಸು ಎಂದರು ಎಲ್ಲರೂ. ನಾನು ಯಾಕೆ ಬದಲಾಯಿಸಲಿ. ಮನೆಯನ್ನು ಬಿಟ್ಟಾಯಿತಲ್ಲ, ಮನೆ ನಿಮಗಾ ಅವರಿಗಾ ಎಂದು ವಕೀಲ ಕೇಳಿದಾಗ ನನಗೆ ಬೇಡ ಅಂದುಬಿಟ್ಟೆ, ಅವಳು ಕಾಲಿಟ್ಟ ನೆಲ ನನಗೆ ಬೇಡ ಅಂದೆ, ಸಿಟ್ಟು ಆಡಿಸಿದ ಮಾತು, ವಕೀಲ ಅದನ್ನೇ ಹಿಡಿದುಕೊಂಡ, ನೆಲದೊಳಗೆ ಇದ್ದದ್ದರ ಬಗ್ಗೆ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಾಗದದ ಚೀಲದ ತುಂಬ ಬದನೆ ಬಣ್ಣದವು ಬಿದ್ದಿವೆ, ಕೈ ಯಾವಾಗ ಆ ಡಬ್ಬಕ್ಕೆ ಹೋಯಿತೋ, ಒಂದೊಂದೂ ದಪ್ಪ, ಆರಿಸಿದ್ದು ಮಾತ್ರ ಸರಿಯಾಗಿಯೇ ಆರಿಸಿದೆ, ಕೇಡು ಮಾಡಲು ಹೊರಟಾಗಲೂ ಕೊಳೆತದ್ದನ್ನು ಚೀಲಕ್ಕೆ ಹಾಕಲು ಮನಸ್ಸು ಬರುವುದಿಲ್ಲ ನೋಡು — ಅಮ್ಮ ಇದ್ದಿದ್ದರೆ ಈ ಡಬ್ಬಗಳ ಹತ್ತಿರವೂ ಸುಳಿಯುತ್ತಿರಲಿಲ್ಲ, ಹಾಲೆಂಡಿನಲ್ಲಿ ಯುದ್ಧದ ಕೊನೆಯ ಚಳಿಗಾಲ, ತಿನ್ನಲು ಏನೂ ಉಳಿಯದೆ ಊರಿನವರೆಲ್ಲ ಟ್ಯುಲಿಪ್ ಗೆಡ್ಡೆಯನ್ನೇ ಬೇಯಿಸಿ ತಿಂದರು, ಅಮ್ಮ ಆಗ ಹನ್ನೆರಡರ ಹುಡುಗಿ, ಸೀಳಿ ಒಳಗಿನ ಹಳದಿ ಕುಡಿಯನ್ನು ಕಿತ್ತು ಎಸೆಯಬೇಕು, ಅದು ಹೊಟ್ಟೆಗೆ ಹೋದರೆ ಸಂಕಟ, ಉಳಿದದ್ದನ್ನು ಒಣಗಿಸಿ ಅರೆದು ಗಂಜಿ ಮಾಡಬೇಕು, ಗಂಟಲು ಉರಿಯುತ್ತಿತ್ತಂತೆ, ಕಹಿಯೆಂದರೆ ಬಾಯಿಯ ಕಹಿಯಲ್ಲ, ಎದೆಯವರೆಗೂ ಇಳಿಯುವ ಕಹಿ, ಅಮ್ಮ ಈ ದೇಶಕ್ಕೆ ಬಂದ ಮೇಲೆ ಮನೆಯ ಸುತ್ತ ಏನೇನೋ ಬೆಳೆದಳು, ಬೀಟ್ರೂಟ್, ಕೋಸು, ಸೂರ್ಯಕಾಂತಿ ಕೂಡ, ಟ್ಯುಲಿಪ್ ಮಾತ್ರ ಇಲ್ಲ, ನಾನು ಮೊದಲ ಸಲ ಇಳಿಜಾರಿನಲ್ಲಿ ನೆಡುವಾಗ ಕಿಟಕಿಯೊಳಗಿಂದ ನೋಡುತ್ತ ನಿಂತಿದ್ದಳು, ಹೊರಗೆ ಬಂದು, ಹೊಟ್ಟೆ ತುಂಬಿದವರ ಆಟ ಕಣೇ ಇದು, ಊಟಾನ ಮಣ್ಣಲ್ಲಿ ಮುಚ್ಚಿಡ್ತಿದ್ದೀಯಾ ಅಂದಳು, ವಸಂತದಲ್ಲಿ ಬಂದು ನೋಡು ಅಂದೆ, ಬಂದಳು, ನೋಡಿದಳು, ಮರುವರ್ಷ ನಾನು ನೆಡುವಾಗ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಳು, ಕೊನೆಯ ವರ್ಷಗಳಲ್ಲಿ ಒಂದೊಂದನ್ನು ಕೈಗೆ ಎತ್ತಿ ಕೊಡುತ್ತಲೂ ಇದ್ದಳು, ಆಳವಾಗಿ ಹಾಕು, ಹಸಿದೋರ ಕೈಗೆ ಸಿಗದಷ್ಟು ಆಳ ಎಂದು ಹೇಳುತ್ತಿದ್ದಳು, ತಮಾಷೆಗೋ ಏನೋ, ಅಮ್ಮ ತಮಾಷೆ ಮಾಡುವವಳಲ್ಲ.

ಲೈಡಾ, ಇಲ್ಲೇ ಸಿಕ್ಕಿದ್ಯಲ್ಲ ಒಳ್ಳೇದಾಯ್ತು — ಆ ದನಿ, ತಿರುಗದೆಯೇ ಬೆನ್ನಿಗೆ ತಿಳಿಯಿತು, ಲೋರ್ನಾ, ಎರಡು ಕೈಯಲ್ಲೂ ಒಂದೊಂದು ಕುಂಬಳಕಾಯಿ, ಹೊಸ ಕೋಟು, ಕೂದಲಿಗೆ ಬಣ್ಣ, ಚೀಲದ ಬಾಯಿ ಮಡಿಚಿಕೊಂಡೆ, ಯಾಕೆ ಮಡಿಚಿದೆನೋ, ಅವಳು ನೋಡಿದರೂ ತಿಳಿಯುವುದಿಲ್ಲವಲ್ಲ. ನಾನೇ ಫೋನ್ ಮಾಡೋಣ ಅಂತಿದ್ದೆ ಕಣೇ ಅಂದಳು, ಕಣೇ ಅನ್ನುವುದನ್ನು ಇನ್ನೂ ಬಿಟ್ಟಿಲ್ಲ, ಬಣ್ಣದ ವಿಷ್ಯ, ಬಿಳಿ, ಗುಲಾಬಿ, ಅಷ್ಟೇ ಸಾಕು, ಕೆಂಪು ಬೇಡ, ಗಾಢ ಬಣ್ಣ ಯಾವ್ದೂ ಬೇಡ, ಫೋಟೋದಲ್ಲಿ ಕಪ್ಪಗೆ ಕಾಣುತ್ತಂತೆ, ಆಮೇಲೆ ಕುಂಡ ತರೋವಾಗ ಮುಂದಿನ ಬಾಗಿಲಿಂದ ತರ್ಬೇಡ, ಪಕ್ಕದ ಗೇಟಿಂದ ಬಾ, ಮುಂದೆ ಹೊಸ ಕಲ್ಲು ಹಾಕ್ಸಿದೀವಿ ಗೀರು ಬೀಳುತ್ತೆ. ಆಗ್ಲಿ ಅಂದೆ. ಎಷ್ಟು ಕುಂಡ ಅಂದ್ಕೊಂಡಿದ್ದೀಯಾ, ಕೊಳದ ಈ ಅಂಚು ಪೂರ್ತಿ ಬರ್ಬೇಕು, ಆ ಕಡೆ ಕುರ್ಚಿ ಬರುತ್ತೆ, ನೀರಲ್ಲಿ ಹೂವಿನ ನೆರಳು ಬಿದ್ರೆ ಚೆನ್ನಾಗಿರುತ್ತೆ ಅಂತ ಹಾರ್ಲನ್ — ಯಾವ ಕೊಳ ಅಂದೆ. ಕುಂಬಳಕಾಯಿಗಳನ್ನು ಕೆಳಗಿಟ್ಟಳು, ಒಂದು ಉರುಳಿ ನನ್ನ ಬೂಟಿಗೆ ತಾಗಿ ನಿಂತಿತು, ಮಾರ್ಲೀಸ್ ಹೇಳ್ಲಿಲ್ವಾ ಅಂದಳು, ಏನನ್ನ ಹೇಳ್ಲಿಲ್ಲ ಅಂದೆ, ಅಮ್ಮಂಗೆ ಹೇಳಿದೀನಿ ಅಂದಿದ್ಳಲ್ಲ, ಈಜುಕೊಳ ಕಣೇ, ಜೂನ್‌ನಲ್ಲೇ ಆಯ್ತು, ಹಾರ್ಲನ್ ಸೊಂಟಕ್ಕೆ ನೀರಲ್ಲಿ ನಡೆಯೋದು ಒಳ್ಳೇದು ಅಂತ ಡಾಕ್ಟ್ರು ಹೇಳಿದ್ರು, ಬೇರೆ ಕಡೆ ಸಮ ಜಾಗ ಸಿಗ್ಲಿಲ್ಲ, ಆ ಇಳಿಜಾರನ್ನೇ ಕಡಿದು ಮಟ್ಟ ಮಾಡಿ, ಈಗ ನೋಡಿದ್ರೆ ನಿನಗೆ ಗುರ್ತೇ ಸಿಗಲ್ಲ. ಅಲ್ಲಿದ್ದಿದ್ದು ಅಂದೆ. ಅದಾ, ಎರಡು ಕೈಗಾಡಿ ತುಂಬ ಬಂತು ನೋಡು ಬರೀ ಈರುಳ್ಳಿ, ಹಾರ್ಲನ್ನೇ ತಳ್ಕೊಂಡು ಹೋಗಿ ರಸ್ತೆ ಆಚೆ ಹಳ್ಳಕ್ಕೆ ಹಾಕ್ದ, ಪಾಪ ಅವತ್ತೆಲ್ಲಾ ಸೊಂಟ ಹಿಡ್ಕೊಂಡು ಮಲಗಿದ್ದ. ಒಂದು ಮಾತು ಹೇಳಿದ್ರೆ ನಾನು ಬಂದು ತಗೊಂಡು ಹೋಗ್ತಿದ್ನಲ್ಲ ಲೋರ್ನಾ ಅಂದೆ, ನನ್ನ ದನಿ ನನಗೇ ಚಿಕ್ಕದಾಗಿ ಕೇಳಿಸಿತು, ಯಾರೋ ಮಗುವಿನದು. ಎಲ್ಲಿ ಹಾಕ್ತಿದ್ದೆ ಹೇಳು, ನಿನ್ನ ಬಾಲ್ಕನೀಲಾ ಅಂದಳು, ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅದೇ ಅವಳ ಗುಣ, ಕೆಟ್ಟ ಮನಸ್ಸಿಲ್ಲದೆಯೇ ಎಲ್ಲವನ್ನೂ ಮಾಡುತ್ತಾಳೆ, ಹಿಮ ಬಾಚಿಸಿಕೊಂಡದ್ದೂ ಹಾಗೆಯೇ, ನನ್ನ ತೋಳು ತಟ್ಟಿದಳು, ಬೇಜಾರ್ ಮಾಡ್ಕೋಬೇಡ, ಈಗ ಕುಂಡ ಇದೆಯಲ್ಲ, ಕುಂಡಾನೇ ಲಕ್ಷಣ ಅಂದಳು, ಕುಂಬಳಕಾಯಿ ಎತ್ತಿಕೊಂಡಳು, ಟ್ರೂಡಿಯ ಜೊತೆ ಏನೋ ನಕ್ಕಳು, ಬಾಗಿಲ ಗಂಟೆ ಸದ್ದಾಯಿತು, ಹೋದಳು.

ಈರುಳ್ಳಿ. ಎರಡು ಗಾಡಿ. ಜೂನಿನಲ್ಲಿ ಎಲೆ ಇನ್ನೂ ಪೂರ್ತಿ ಹಣ್ಣಾಗಿರುವುದಿಲ್ಲ, ಅರ್ಧ ಹಸಿರು ಅರ್ಧ ಹಳದಿ, ಮುಂದಿನ ವರ್ಷದ ಹೂವನ್ನು ಗೆಡ್ಡೆ ತನ್ನೊಳಗೆ ಕಟ್ಟಿಕೊಳ್ಳುತ್ತಿರುವ ಹೊತ್ತು ಅದು, ಆ ಎಲೆ ಕತ್ತರಿಸಬೇಡಿ, ನೋಡಲು ಚೆಂದವಿಲ್ಲದಿದ್ದರೂ ಮುಟ್ಟಬೇಡಿ ಎಂದು ಮನೆಯಲ್ಲಿ ಎಲ್ಲರನ್ನೂ ಬೈದಿದ್ದೇನೆ, ಹಾರ್ಲನ್‌ಗೆ ಹುಲ್ಲು ಕತ್ತರಿಸುವ ಯಂತ್ರವನ್ನು ಆ ಕಡೆ ತಿರುಗಿಸಲೂ ಬಿಟ್ಟವಳಲ್ಲ, ಅಂಥ ಹೊತ್ತಿನಲ್ಲಿ ಬುಲ್ಡೋಜರ್ ಬಿಟ್ಟರೇ — ಮೇಲಿನ ಸಾಲಿನಲ್ಲಿ ಹಳದಿ, ಅದು ಮಾರ್ಲೀಸ್ ಹುಟ್ಟಿದ ವರ್ಷ ನೆಟ್ಟದ್ದು, ಹೊಟ್ಟೆ ಅಡ್ಡ ಬರುತ್ತಿತ್ತು, ಪಕ್ಕಕ್ಕೆ ವಾಲಿ ಕೂತು ನೆಟ್ಟೆ, ಬಂಡೆಯ ಪಕ್ಕದ ಕೆಂಪು ಅಮ್ಮ ಎತ್ತಿ ಕೊಟ್ಟದ್ದು, ಕೆಳಗಿನ ಬಿಳಿಯದು ಅಮ್ಮ ಸತ್ತ ವರ್ಷ, ಒಬ್ಬಳೇ ನೆಟ್ಟೆ, ಪ್ರತಿ ಅಕ್ಟೋಬರ್, ಆ ಮನೆಯಲ್ಲಿದ್ದಷ್ಟು ದಿನ ಒಂದು ಅಕ್ಟೋಬರನ್ನೂ ತಪ್ಪಿಸಿಲ್ಲ, ಈ ಕೆಲವು ವರ್ಷ ವಸಂತದಲ್ಲಿ ಆ ರಸ್ತೆಯಲ್ಲಿ ಕಾರು ನಿಧಾನ ಮಾಡಿ ನೋಡಿಕೊಂಡು ಹೋಗುತ್ತಿದ್ದೆ, ಇಳಿಯುತ್ತಿರಲಿಲ್ಲ, ಈ ಏಪ್ರಿಲ್‌ನಲ್ಲೂ ನೋಡಿದೆ, ತುಂಬಿ ನಿಂತಿತ್ತು, ಅವಳು ಕಿಟಕಿ ತೆರೆದಾಗಲೆಲ್ಲ ನನ್ನನ್ನೇ ನೋಡಬೇಕು ಎಂದು ಒಂದು ಸಮಾಧಾನ, ಸಣ್ಣ ಬುದ್ಧಿ, ಇರಲಿ, ಅದೊಂದು ಉಳಿದಿತ್ತು. ಈಗ ತಿಳಿಯಿತು ಕುಂಡ ಯಾಕೆಂದು. ತೆಗೆದ ನೆಲದ ಬಾಯಿ ಮುಚ್ಚಲು, ಬಂದವರು ಎಲ್ಲಿ ಹೋಯಿತು ಲೈಡಾಳ ಹಿತ್ತಿಲು ಎಂದು ಕೇಳದ ಹಾಗೆ, ಅದನ್ನೂ ನನ್ನ ಕೈಯಿಂದಲೇ. ಹಾಗಾದರೆ ಇದೇ ಸರಿ, ಈ ಬದನೆ ಬಣ್ಣದ್ದೇ ಸರಿ, ಸೊಪ್ಪು ನೋಡಲಿ, ನೀರಿನಲ್ಲಿ ಸೊಪ್ಪಿನ ನೆರಳು ಬೀಳಲಿ, ಇನ್ನಷ್ಟು ಹಾಕಿಕೊಳ್ಳುತ್ತೇನೆ, ಡಬ್ಬ ಖಾಲಿ ಮಾಡುತ್ತೇನೆ — ಚೀಲ ಬಿಚ್ಚಿದೆ, ಕೈ ಒಳಗೆ ಹೋಯಿತು, ಒಂದನ್ನು ತೆಗೆದೆ, ಡಬ್ಬಕ್ಕೆ ಹಾಕಿದೆ, ಇನ್ನೊಂದನ್ನು ತೆಗೆದೆ, ಇದೇನು ಮಾಡುತ್ತಿದ್ದೇನೆ, ಎಲ್ಲವನ್ನೂ ವಾಪಸ್ ಹಾಕುತ್ತಿದ್ದೇನೆ, ನಡುವಿನ ಡಬ್ಬದ ಮುಂದೆ ನಿಂತಿದ್ದೇನೆ, ಬಿಳಿ, ಗುಲಾಬಿ, ಬುಡ ಒತ್ತಿ, ತೂಕ ನೋಡಿ, ಒಂದೊಂದಾಗಿ, ಪ್ರೀತಿಯಿಂದಲ್ಲ, ಕ್ಷಮೆಯಂತೂ ಅಲ್ಲವೇ ಅಲ್ಲ, ಅರಳದ ಕುಂಡದ ಮುಂದೆ ನಿಂತು ಲೋರ್ನಾ ಕನಿಕರದಿಂದ, ಪಾಪ ಲೈಡಾಗೆ ವಯಸ್ಸಾಯ್ತು ಈಗ ಕೈ ಬರಲ್ಲ ಅನ್ನುತ್ತಾಳೆ, ಅದನ್ನು ಕೇಳಿಸಿಕೊಳ್ಳಲಾರೆ, ಅವಳ ಕನಿಕರ ಒಂದು ಸಲ ತಿಂದದ್ದು ಸಾಕು.

ಕೋಟಿನ ಜೇಬಿನಲ್ಲಿ ಫೋನು ನಡುಗಿತು, ಮಾರ್ಲೀಸ್, ಲೋರ್ನಾ ಕಾರಿನೊಳಗೆ ಕೂತ ತಕ್ಷಣ ಹೇಳಿರಬೇಕು, ಅಮ್ಮಾ ಎಲ್ಲಿದ್ದೀಯ ಅಂದಳು, ನಿನ್ನ ಗೆಡ್ಡೆ ಆರಿಸ್ತಾ ಇದ್ದೀನಿ ಅಂದೆ, ಲೋರ್ನಾ ಈಗ ತಾನೇ ಫೋನ್ ಮಾಡಿದ್ರು, ಅಮ್ಮಾ ನಾನೇ ಹೇಳ್ಬೇಕು ಅಂತಾನೇ ಇದ್ದೆ, ಯಾವಾಗ ಹೇಳ್ತಿದ್ದೆ, ಮದುವೆ ದಿನ ನಾನು ಕಾಲು ಜಾರಿ ನೀರಿಗೆ ಬಿದ್ದ ಮೇಲಾ ಅಂದೆ, ನಗಲಿಲ್ಲ ಅವಳು, ನಾನೂ ನಗಿಸಲು ಹೇಳಿದ್ದಲ್ಲ. ಹೇಳಿದ್ರೆ ನೀನು ಬರ್ತಿರ್ಲಿಲ್ಲ, ಅದಕ್ಕೇ ಹೇಳ್ಲಿಲ್ಲ, ನನಗೆ ನೀನು ಬರ್ಬೇಕಿತ್ತು ಅಂದಳು. ಲೋರ್ನಾ ಎರಡು ಗಾಡಿ ಅಂದ್ಳು ಅಂದೆ. ಹೂಂ ಅಂದಳು. ಎರಡು ಗಾಡೀಲಿ ಹಿಡಿಯಲ್ಲ ಮಾರ್ಲೀಸ್, ನೆಟ್ಟೋಳು ನಾನು, ಬಂಡೆ ಪಕ್ಕದ್ದೇ ಎರಡು ಗಾಡಿ ಆಗುತ್ತೆ, ಉಳಿದಿದ್ದು ಅಲ್ಲೇ ಇದೆಯಾ, ಎಲ್ಲಾದರೂ ಹಾಗೇ ಬಿಟ್ಟಿದಾರಾ — ಕೇಳುವಾಗಲೇ ಎದೆಯಲ್ಲಿ ಒಂದು ಆಸೆ ಎದ್ದು ಕೂತಿತು, ಗೇಟಿನ ಬದಿಯಲ್ಲೋ ಶೆಡ್ಡಿನ ಹಿಂದೆಯೋ ಒಂದು ಪಟ್ಟಿ ಉಳಿದಿರಬಹುದು, ಅಗೆದು ತರಬಹುದು, ಅವನ್ನೇ ಕುಂಡಕ್ಕೆ ಹಾಕಬಹುದು, ಅಮ್ಮ ಮುಟ್ಟಿದ್ದು ಒಂದಾದರೂ. ಎರಡು ಅಂದ್ರೆ ಅಪ್ಪ ತಳ್ಳಿದ್ದು ಅಂದಳು, ಅಪ್ಪನಿಗೆ ಸೊಂಟ ಹಿಡ್ಕೊಳ್ತು, ಕೆಲಸದೋರು ಸಂಜೆಯೊಳಗೆ ಜಾಗ ಖಾಲಿ ಬೇಕು ಅಂದ್ರು. ಉಳಿದಿದ್ದು ನಾನು ತಳ್ಳಿದೆ ಅಮ್ಮಾ. ಡಬ್ಬದ ಅಂಚು ಹಿಡಿದುಕೊಂಡೆ, ಮರದ ಸಿಬಿರು ಅಂಗೈಗೆ ಚುಚ್ಚಿತು. ಕೇಳಿಸ್ತಿದೆಯಾ ಅಮ್ಮಾ ಅಂದಳು. ಕೇಳಿಸ್ತಿದೆ. ಕುಂಡ ಮಾಡ್ತೀಯ ತಾನೇ ಅಂದಳು, ಬೇಡ ಅನ್ನಿಸಿದ್ರೆ ಬೇಡ, ನಾನೇನೂ ಅನ್ಕೊಳ್ಳಲ್ಲ. ಮಾಡ್ತೀನಿ ಅಂದೆ, ದಿನಕ್ಕೆ ಸರಿಯಾಗಿ ಅರಳುತ್ತೆ, ಆದ್ರೆ ಒಂದು, ಮುಗಿದ ಮಾರನೇ ದಿನ ಆ ಕುಂಡಗಳು ನನ್ನ ಮನೆಗೆ ವಾಪಸ್ ಬರ್ಬೇಕು, ಒಂದೂ ಅಲ್ಲಿ ಉಳೀಕೂಡದು, ನಿಮ್ಮಪ್ಪ ತರೋದು ಬೇಡ, ನಿನ್ನ ಗಂಡ ಟೋಬಿನ್ ತರೋದು ಬೇಡ, ನೀನೇ ಎತ್ತಿ ತಂದು ಇಳಿಸ್ಬೇಕು. ಅಮ್ಮಾ ಮಾರನೇ ದಿನ ನಾವು ಹೊರಡ್ತೀವಲ್ಲ, ಬೆಳಿಗ್ಗೆ ವಿಮಾನ. ಬೆಳಿಗ್ಗೆಗೆ ಮುಂಚೆ ತಂದಿಡು ಅಂದೆ. ಸರಿ ಅಮ್ಮಾ ಅಂದಳು, ಸಣ್ಣ ದನಿ, ಫೋನು ನಾನೇ ಮೊದಲು ಇಟ್ಟೆ.

ಆಯ್ತೇನೇ ಲೈಡಾ ಎಂದು ಟ್ರೂಡಿ, ಆಯ್ತು, ಚೀಲಗಳನ್ನು ಅವಳ ಮುಂದೆ ಇಟ್ಟೆ, ಒಳಗೆ ಕಣ್ಣು ಹಾಯಿಸಿದಳು, ಬಿಳಿ, ಗುಲಾಬಿ, ಮದುವೆಗೆ ಒಪ್ಪುತ್ತೆ ಬಿಡು ಅಂದಳು, ಮೇಲೆ ಹಾಕೋಕೆ ಚಿಕ್ಕವು ಏನಾದ್ರೂ ಬೇಡ್ವಾ, ದ್ರಾಕ್ಷಿಗೊಂಚಲಿನ ಹಾಗೆ ನೀಲಿ ಹೂ ಬಿಡೋದು ಇದೆ, ಕುಂಡದ ಅಂಚಿಗೆ ಇಳಿಬಿದ್ರೆ ಚೆಂದ, ಬೇಡ ಅಂದೆ, ಆಮೇಲೆ, ಸರಿ, ಕೊಡು ಅಂದೆ, ಮಾಡಿದರೆ ಸರಿಯಾಗಿಯೇ ಮಾಡಬೇಕು, ಕೆಳಗೆ ಟ್ಯುಲಿಪ್, ಮೇಲೆ ಒಂದು ಪದರ ಮಣ್ಣು, ಅದರ ಮೇಲೆ ಚಿಕ್ಕವು, ಒಂದರ ತಲೆಯ ಮೇಲೆ ಒಂದು ಬರದ ಹಾಗೆ, ಜನ ಬರುತ್ತಾರೆ, ಎಷ್ಟು ಚೆನ್ನಾಗಿದೆ ಅನ್ನುತ್ತಾರೆ, ಲೋರ್ನಾ ಥ್ಯಾಂಕ್ಸ್ ಹೇಳುತ್ತಾಳೆ, ಟ್ರೂಡಿ ನನ್ನ ಮುಖ ನೋಡಿ ಒಂದು ಲೋಟ ಸೇಬಿನ ರಸ ಮುಂದೆ ತಳ್ಳಿದಳು, ಕುಡ್ಕೊಂಡು ಹೋಗು, ಕೈ ತಣ್ಣಗಿದೆ ನಿಂದು. ಕುಡಿದೆ. ಕಾರಿನ ಪಕ್ಕದ ಸೀಟಿನಲ್ಲಿ ಚೀಲಗಳು, ಕೀಲಿ ತಿರುಗಿಸಿಲ್ಲ, ಗಾಜಿನ ಆಚೆ ಜನ ಕುಂಬಳಕಾಯಿ ಹೊತ್ತು ಹೋಗುತ್ತಿದ್ದಾರೆ, ಮೊದಲು ಶೆಡ್ಡು ಗುಡಿಸಬೇಕು, ಜಾಲರಿ ಕತ್ತರಿಸಬೇಕು, ಮಣ್ಣಿಗೆ ಮರಳು ಬೆರೆಸಬೇಕು, ನೀರು ನಿಂತರೆ ಎಲ್ಲ ಕೊಳೆಯುತ್ತದೆ, ಮಾರ್ಲೀಸ್ ಯಾವ ಬಟ್ಟೆ ಹಾಕಿದ್ದಳೋ ಅವತ್ತು, ಕೈಗವಸು ಹಾಕಿದ್ದಳೋ ಇಲ್ಲವೋ, ಆ ಗಾಡಿ ನನ್ನದೇ, ಒಂದೇ ಚಕ್ರದ ಹಸಿರು ಕೈಗಾಡಿ, ಮನೆ ಬಿಡುವಾಗ ಬಿಟ್ಟು ಬಂದದ್ದು, ಚಕ್ರ ಕಿರುಗುಟ್ಟುತ್ತದೆ, ಅದು ರಸ್ತೆ ದಾಟಿಸುವಾಗಲೂ ಕಿರುಗುಟ್ಟಿರಬೇಕು, ಹಳ್ಳದ ಅಂಚಿಗೆ ತಂದು ನಿಲ್ಲಿಸಿರಬೇಕು, ಏಳು ವರ್ಷದವಳಿದ್ದಾಗ ಒಣಗಿದ ಎಲೆ ತುಂಬಿದ ಗಾಡಿಯನ್ನು ಎತ್ತಲು ಹೋಗಿ ಅವಳು ಹಿಂದಕ್ಕೆ ಬಿದ್ದಿದ್ದಳು, ಬೆನ್ನಿಂದ ಎತ್ತಬಾರ್ದು ಪುಟ್ಟಿ, ಮೊಣಕಾಲು ಬಗ್ಗಿಸು, ಬೆನ್ನು ನೆಟ್ಟಗಿಡು, ಈಗ ಕಾಲಿಂದ ಏಳು, ಗಾಡಿ ತಾನೇ ವಾಲುತ್ತೆ ನೋಡು, ಹಿಂದೆ ನಿಂತು ಅವಳ ಕೈಯ ಮೇಲೆ ನನ್ನ ಕೈ ಇಟ್ಟು ತೋರಿಸಿದ್ದೆ, ಒಂದೇ ಸಲಕ್ಕೆ ಕಲಿತಳು, ಎಷ್ಟು ಭಾರವಿದ್ದರೂ ಅವಳಿಗೆ ಸೊಂಟ ಹಿಡಿಯುವುದಿಲ್ಲ — ಮೊಣಕಾಲು ಬಗ್ಗಿಸುತ್ತಾಳೆ, ಬೆನ್ನು ನೆಟ್ಟಗೆ, ಕಾಲಿನಿಂದ ಏಳುತ್ತಾಳೆ, ಹಿಡಿಗಳು ಮೇಲಕ್ಕೆ, ಗಾಡಿ ವಾಲುತ್ತದೆ, ಹಳದಿ ಎಲೆಗಳ ಸಮೇತ ಗೆಡ್ಡೆಗಳು ಬೆಳ್ಳಗೆ ಒಂದರ ಮೇಲೊಂದು ಉರುಳುತ್ತವೆ, ತಳಕ್ಕೆ ಅಂಟಿಕೊಂಡದ್ದನ್ನು ಒಮ್ಮೆ ಕುಲುಕಿ ಬೀಳಿಸುತ್ತಾಳೆ, ಗಾಡಿ ಇಳಿಸುತ್ತಾಳೆ, ತಿರುಗಿಸುತ್ತಾಳೆ, ರಸ್ತೆ ದಾಟುತ್ತಾಳೆ, ತುಂಬಿಕೊಂಡು ಬರುತ್ತಾಳೆ, ಅಂಚಿಗೆ ನಿಲ್ಲಿಸುತ್ತಾಳೆ, ಮೊ​ಣಕಾಲು ಬಗ್ಗಿಸುತ್ತಾಳೆ, ಬೆನ್ನು ನೆಟ್ಟಗೆ